ಉಲ್ಕಾಶಿಲೆ ಮ್ಯಾಪ್‌ನಲ್ಲಿ ಚುಕ್ಕಿ ತಪ್ಪು ಜಾಗದಲ್ಲಿ ಬಿದ್ರೆ ಏನು ಚೆಕ್ ಮಾಡ್ಬೇಕು

ಉಲ್ಕಾಶಿಲೆಗಳ ಲಿಸ್ಟ್ ಒಂದನ್ನ ಡೌನ್‌ಲೋಡ್ ಮಾಡ್ಕೊಂಡು ಮ್ಯಾಪ್ ಸಾಫ್ಟ್‌ವೇರ್‌ಗೆ ಹಾಕಿದ್ರೆ ಮೊದಲ ಸಲಕ್ಕೇ ಎಲ್ಲ ಸರಿಯಾಗಿ ಕೂರೋದು ತುಂಬಾ ಕಮ್ಮಿ. ಒಂದಿಷ್ಟು ಚುಕ್ಕಿ ಸಮುದ್ರದ ಮಧ್ಯ ಇರುತ್ತೆ, ಅಂಟಾರ್ಕ್ಟಿಕಾದಲ್ಲಿ ಸಾವಿರಾರು ಇರಬೇಕಾದ ಕಡೆ ಬೆರಳೆಣಿಕೆಯಷ್ಟು ಕಾಣುತ್ತೆ, ಕೆಲವು ಸಲ ಇಡೀ ಲೇಯರೇ, ಅಂದ್ರೆ ಆ ಫೈಲಿಂದ ಬಂದ ಚುಕ್ಕಿಗಳ ಪದರವೇ ಮಾಯ. ಆಗ ಪ್ರೊಜೆಕ್ಷನ್ (ದುಂಡಗಿರೋ ಭೂಮಿಯನ್ನ ಚಪ್ಪಟೆ ನಕ್ಷೆ ಮಾಡೋ ವಿಧಾನ) ಬದಲಾಯಿಸಿ ನೋಡೋದು, ಲೇಯರ್ ಡಿಲೀಟ್ ಮಾಡಿ ಮತ್ತೆ ಹಾಕೋದು, ಪ್ಲಗಿನ್ ಹುಡುಕೋದು ಅಂತ ಶುರು ಹಚ್ಕೊಂಡ್ರೆ ಒಂದು ತಪ್ಪಿನ ಮೇಲೆ ಇನ್ನೊಂದು ತಪ್ಪು ಸೇರ್ಕೊಂಡು ಮೂಲ ಯಾವುದು ಅಂತಾನೇ ಗೊತ್ತಾಗದ ಹಾಗಾಗುತ್ತೆ. ನಾನು ಹೇಳೋದು ಇಷ್ಟೇ, ಯಾವ ಸೆಟ್ಟಿಂಗನ್ನೂ ಮುಟ್ಟೋಕೆ ಮುಂಚೆ ಚುಕ್ಕಿ ಎಲ್ಲಿ ಹೋಗಿ ಬಿದ್ದಿದೆ ಅಂತ ನೋಡಿ. ಅದು ಸುಮ್ಸುಮ್ನೆ ಎಲ್ಲೆಲ್ಲೋ ಬೀಳಲ್ಲ. ಒಂದೊಂದು ತಪ್ಪಿಗೂ ಒಂದೊಂದು ಜಾಗ ಇದೆ, ಜಾಗ ನೋಡಿದ್ರೆ ತಪ್ಪು ಯಾವುದು ಅಂತ ಹೇಳಬಹುದು.

ಇಲ್ಲಿ ಕ್ಯೂಜಿಐಎಸ್ ಅನ್ನೋ ಮ್ಯಾಪ್ ಸಾಫ್ಟ್‌ವೇರ್ ಇಟ್ಕೊಂಡು ಬರೀತಿದೀನಿ, ಯಾಕಂದ್ರೆ ಫ್ರೀ, ಎಲ್ಲಾ ಕಂಪ್ಯೂಟರಲ್ಲೂ ಓಡುತ್ತೆ. ಗೂಗಲ್ ಅರ್ಥ್ ಬಳಸೋರಿಗೂ ಹೆಚ್ಚಿನದು ಹಾಗೇ ಅನ್ವಯಿಸುತ್ತೆ. ಡೇಟಾ ಅಂತ ಬಂದ್ರೆ ಉಲ್ಕಾಶಿಲೆ ವಿಜ್ಞಾನಿಗಳ ಸಂಘವಾದ ಮೀಟಿಯೊರಿಟಿಕಲ್ ಸೊಸೈಟಿಯ ಬುಲೆಟಿನ್ ಡೇಟಾಬೇಸೇ ಅಧಿಕೃತ. ಅದರಿಂದ ತೆಗೆದು ನಾಸಾ ಓಪನ್ ಡೇಟಾದಲ್ಲಿ ಹಾಕಿರೋ ಮೀಟಿಯೊರೈಟ್ ಲ್ಯಾಂಡಿಂಗ್ಸ್ ಅನ್ನೋ ಸಿಎಸ್‌ವಿ ಫೈಲಲ್ಲಿ (ಕಾಮಾ ಹಾಕಿ ಕಾಲಮ್ ಬೇರೆ ಮಾಡಿರೋ ಟೇಬಲ್) 45,716 ಸಾಲು ಇದೆ, ಹೊಸಬರು ಶುರು ಮಾಡೋದು ಸಾಮಾನ್ಯವಾಗಿ ಇದರಿಂದಾನೇ. ಅದಕ್ಕೆ ಉದಾಹರಣೆಗಳನ್ನೆಲ್ಲ ಅದರಿಂದಾನೇ ಕೊಡ್ತೀನಿ.

ಮೊದಲು ನಾಲ್ಕು ಕಲ್ಲು ಹಾಕಿ ನೋಡಿ

ನಲವತ್ತೈದು ಸಾವಿರ ಚುಕ್ಕಿ ಒಟ್ಟಿಗೆ ಹಾಕಿ ತಪ್ಪು ಹುಡುಕೋಕೆ ಹೋಗ್ಬೇಡಿ. ಜಾಗ ಚೆನ್ನಾಗಿ ಗೊತ್ತಿರೋ ನಾಲ್ಕು ಕಲ್ಲು ಸಾಕು, ಆದ್ರೆ ಆ ನಾಲ್ಕೂ ಭೂಮಿಯ ನಾಲ್ಕು ಭಾಗದಲ್ಲಿರಬೇಕು, ಅಂದ್ರೆ ಉತ್ತರ-ಪೂರ್ವ, ಉತ್ತರ-ಪಶ್ಚಿಮ, ದಕ್ಷಿಣ-ಪೂರ್ವ, ದಕ್ಷಿಣ-ಪಶ್ಚಿಮ ಹೀಗೆ ಪ್ಲಸ್ ಮೈನಸ್ಸಿನ ಎಲ್ಲಾ ಜೋಡಿನೂ ಬರಬೇಕು. ನಾನು ಇಟ್ಕೊಂಡಿರೋದು ಇವು: ರಷ್ಯಾದಲ್ಲಿ 2013ರ ಫೆಬ್ರವರಿ 15ಕ್ಕೆ ಬಿದ್ದ ಚೆಲ್ಯಾಬಿನ್ಸ್ಕ್ (54.8, 61.1), ಮೆಕ್ಸಿಕೋದಲ್ಲಿ 1969ರ ಫೆಬ್ರವರಿ 8ಕ್ಕೆ ಬಿದ್ದ ಅಯೆಂಡೆ (26.97, -105.32), ನಮೀಬಿಯಾದಲ್ಲಿ 1920ರಲ್ಲಿ ಸಿಕ್ಕ ಹೋಬಾ (-19.58, 17.92), ಅರ್ಜೆಂಟೀನಾದ ಕಾಂಪೊ ದೆಲ್ ಸಿಯೆಲೊ (-27.47, -60.58). ಎಲ್ಲದರಲ್ಲೂ ಮೊದಲನೇದು ಅಕ್ಷಾಂಶ, ಎರಡನೇದು ರೇಖಾಂಶ. ಒಂದು ಚಿಕ್ಕ ಸಿಎಸ್‌ವಿಯಲ್ಲಿ ಈ ನಾಲ್ಕು ಸಾಲು ಬರ್ದು ಇಟ್ಕೊಳ್ಳಿ, ಯಾವಾಗ ಅನುಮಾನ ಬಂದ್ರೂ ದೊಡ್ಡ ಫೈಲ್ ಹಾಕಿದ ದಾರಿಯಲ್ಲೇ ಇದನ್ನೂ ಹಾಕಿ.

ಹಿಂದೆ ನಕ್ಷೆ ಇಲ್ದೆ ಬರೀ ಚುಕ್ಕಿ ನೋಡಿ ಏನೂ ಗೊತ್ತಾಗಲ್ಲ ಅನ್ನೋರಿಗೆ, ಕ್ಯೂಜಿಐಎಸ್‌ನ ಕೆಳಗಡೆ ಕೋಆರ್ಡಿನೇಟ್ ತೋರಿಸೋ ಬಾಕ್ಸಲ್ಲಿ ವರ್ಲ್ಡ್ ಅನ್ನೋ ಪದವನ್ನ ಇಂಗ್ಲಿಷಲ್ಲಿ ಟೈಪ್ ಮಾಡಿ ಎಂಟರ್ ಒತ್ತಿದ್ರೆ ದೇಶಗಳ ಗಡಿ ಇರೋ ನಕ್ಷೆ ತಾನಾಗೇ ಬರುತ್ತೆ, ಇಂಟರ್ನೆಟ್ಟೂ ಬೇಡ.

ಹೋಬಾ ಅಟ್ಲಾಂಟಿಕ್ ಸಮುದ್ರದಲ್ಲಿ ಬಿದ್ರೆ

ಅಕ್ಷಾಂಶ ರೇಖಾಂಶ ಅದಲು ಬದಲಾಗಿದೆ ಅಂತ ಅರ್ಥ. ಇದೇ ಎಲ್ಲಕ್ಕಿಂತ ಹೆಚ್ಚು ಆಗೋ ತಪ್ಪು. ಹೋಬಾ ಅದಲು ಬದಲಾದ್ರೆ ಮಾರಿಟೇನಿಯಾ ತೀರದಾಚೆ ನೀರಲ್ಲಿ ಬೀಳುತ್ತೆ, ಕಾಂಪೊ ದೆಲ್ ಸಿಯೆಲೊ ಅಂಟಾರ್ಕ್ಟಿಕಾ ಹತ್ರದ ಸೌತ್ ಸ್ಯಾಂಡ್‌ವಿಚ್ ದ್ವೀಪಗಳಿಗಿಂತಾನೂ ಕೆಳಗಿನ ಸಮುದ್ರಕ್ಕೆ ಹೋಗುತ್ತೆ, ಅಯೆಂಡೆ ಕಾಣೋದೇ ಇಲ್ಲ, ಯಾಕಂದ್ರೆ ಅಕ್ಷಾಂಶ -105 ಅನ್ನೋದು ಭೂಮಿ ಮೇಲೆ ಇಲ್ವೇ ಇಲ್ಲ. ಚೆಲ್ಯಾಬಿನ್ಸ್ಕ್ ಮಾತ್ರ ಅದಲು ಬದಲಾದ್ರೂ ರಷ್ಯಾದಲ್ಲೇ ಬೀಳುತ್ತೆ, 61.1 ಮತ್ತು 54.8 ಅಂದ್ರೂ ಅದೇ ದೇಶಾನೇ, ಅದಕ್ಕೇ ಒಂದೇ ಕಲ್ಲು ಇಟ್ಕೊಂಡು ಚೆಕ್ ಮಾಡಿದ್ರೆ ಮೋಸ ಹೋಗ್ತೀರ.

ದೊಡ್ಡ ಫೈಲಲ್ಲಿ ಇದರ ಗುರುತು ಇನ್ನೂ ಸ್ಪಷ್ಟ. ಒಮಾನ್ ಮರುಭೂಮಿಯಲ್ಲಿ ಧೋಫಾರ್, ಜಿದ್ದತ್ ಅಲ್ ಹರಾಸಿಸ್ ಅಂತ ಸಾವಿರಾರು ಕಲ್ಲು ಸಿಕ್ಕಿದೆ, ಹೆಚ್ಚು ಕಮ್ಮಿ 19 ಡಿಗ್ರಿ ಉತ್ತರ, 55 ಡಿಗ್ರಿ ಪೂರ್ವ. ಅದಲು ಬದಲಾದ್ರೆ ಆ ಇಡೀ ಗುಂಪು ಪೋಲೆಂಡ್ ಮೇಲಿರೋ ಬಾಲ್ಟಿಕ್ ಸಮುದ್ರಕ್ಕೆ ಹೋಗಿ ಕೂರುತ್ತೆ. ಬಾಲ್ಟಿಕ್‌ನಲ್ಲಿ ಚುಕ್ಕಿಗಳ ಗುಡ್ಡೆ ಕಂಡ್ರೆ ಬೇರೆ ಏನೂ ಹುಡುಕ್ಬೇಡಿ. ಅಂಟಾರ್ಕ್ಟಿಕಾದಲ್ಲಿ ರೇಖಾಂಶ 90 ದಾಟಿರೋ ಕಡೆ ಸಿಕ್ಕಿದ್ದೆಲ್ಲ ಮಾಯ ಆಗುತ್ತೆ, ಉದಾಹರಣೆಗೆ ಆಲನ್ ಹಿಲ್ಸ್ 159 ಡಿಗ್ರಿ ಪೂರ್ವದಲ್ಲಿದೆ, ಅಕ್ಷಾಂಶ 159 ಅಂತ ಹಾಕಿದ್ರೆ ಸಾಫ್ಟ್‌ವೇರ್ ಎಲ್ಲಿ ತೋರಿಸ್ಬೇಕು ಪಾಪ.

ಯಾಕೆ ಹೀಗಾಗುತ್ತೆ ಅಂದ್ರೆ ನಾವು ಬಾಯಲ್ಲಿ ಹೇಳೋದು, ಪೇಪರಲ್ಲಿ ಬರೆಯೋದು ಅಕ್ಷಾಂಶ ಮೊದಲು. ಗ್ರಾಫಲ್ಲಿ ಎಕ್ಸ್ ಅಂದ್ರೆ ಅಡ್ಡ, ಅಂದ್ರೆ ರೇಖಾಂಶ. ಕ್ಯೂಜಿಐಎಸ್‌ನ ಆಡ್ ಡಿಲಿಮಿಟೆಡ್ ಟೆಕ್ಸ್ಟ್ ಲೇಯರ್ ಕಿಟಕಿಯಲ್ಲಿ ಎಕ್ಸ್ ಫೀಲ್ಡ್ ಮೇಲೆ, ವೈ ಫೀಲ್ಡ್ ಕೆಳಗೆ ಇರುತ್ತೆ, ಅಲ್ಲಿ ಎಕ್ಸ್‌ಗೆ ರೇಖಾಂಶದ ಕಾಲಮ್ಮು, ವೈಗೆ ಅಕ್ಷಾಂಶದ ಕಾಲಮ್ಮು ಬರಬೇಕು. ನಾಸಾ ಫೈಲಲ್ಲಿ ಕೊನೆಗೆ ಜಿಯೋಲೊಕೇಶನ್ ಅಂತ ಒಂದು ಕಾಲಮ್ ಇದೆ, ಅದರಲ್ಲಿ ಬ್ರಾಕೆಟ್ ಒಳಗೆ ಅಕ್ಷಾಂಶ ಮೊದಲು ಬರ್ದಿದಾರೆ. ಆದ್ರೆ ಕೆಎಂಎಲ್ ಮತ್ತು ಜಿಯೋಜೇಸನ್ ಅನ್ನೋ ಮ್ಯಾಪ್ ಫೈಲ್ ಫಾರ್ಮ್ಯಾಟ್ ಎರಡರಲ್ಲೂ ರೇಖಾಂಶ ಮೊದಲು ಬರಬೇಕು ಅಂತ ನಿಯಮ. ಹಾಗಾಗಿ ಆ ಕಾಲಮ್ಮನ್ನ ಕಾಪಿ ಮಾಡಿ ನೇರ ಕೆಎಂಎಲ್‌ಗೆ ಹಾಕಿದ್ರೆ ಖಂಡಿತಾ ಉಲ್ಟಾ ಆಗುತ್ತೆ. ಸರ್ವರಿಂದ ಡಬ್ಲ್ಯುಎಫ್‌ಎಸ್ (ಇಂಟರ್ನೆಟ್ ಮೇಲೆ ಮ್ಯಾಪ್ ಡೇಟಾ ಕಳಿಸೋ ವ್ಯವಸ್ಥೆ) ಮೂಲಕ ಲೇಯರ್ ತರಿಸ್ಕೊಂಡಾಗ ಉಲ್ಟಾ ಬಂದ್ರೆ ಕನೆಕ್ಷನ್ ಸೆಟ್ಟಿಂಗಲ್ಲೇ ಇನ್‌ವರ್ಟ್ ಆಕ್ಸಿಸ್ ಓರಿಯೆಂಟೇಶನ್ ಅಂತ ಟಿಕ್ ಇದೆ, ಅದು ಸಾಕು.

ಅಯೆಂಡೆ ಚೀನಾಕ್ಕೆ ಹೋದ್ರೆ

ಮೈನಸ್ ಕಳೆದುಹೋಗಿದೆ. ಹಳೇ ಕ್ಯಾಟಲಾಗ್‌ಗಳಲ್ಲಿ, ಮ್ಯೂಸಿಯಂ ಲೇಬಲ್‌ಗಳಲ್ಲಿ ಮೈನಸ್ ಬರೆಯಲ್ಲ, ಪಶ್ಚಿಮ ದಕ್ಷಿಣ ಅಂತ ಅಕ್ಷರ ಹಾಕ್ತಾರೆ. ಅಕ್ಷರ ತೆಗೆದು ಬರೀ ಅಂಕಿ ಉಳಿಸ್ಕೊಂಡ್ರೆ ಅಮೆರಿಕ ಖಂಡಗಳಲ್ಲಿ ಇರೋದೆಲ್ಲ ಏಷ್ಯಾಕ್ಕೆ ಬಂದ್ಬಿಡುತ್ತೆ. ಅಯೆಂಡೆ ಚೀನಾದ ಗುಯಿಝೌ ಪ್ರಾಂತ್ಯದಲ್ಲಿ ಬೀಳುತ್ತೆ, ಕಾಂಪೊ ದೆಲ್ ಸಿಯೆಲೊ ಎರಡೂ ಮೈನಸ್ ಕಳ್ಕೊಂಡು ಇರಾನ್‌ನ ಆಗ್ನೇಯ ಮೂಲೆಗೆ, ಹೋಬಾ ಚಾಡ್ ದೇಶದ ಉತ್ತರಕ್ಕೆ. ಅದಲು ಬದಲಾದ್ರೆ ಸಮುದ್ರ ಇಲ್ಲಾ ಮಾಯ, ಚಿಹ್ನೆ ಹೋದ್ರೆ ಬೇರೆ ದೇಶದ ನೆಲ, ಚೆಲ್ಯಾಬಿನ್ಸ್ಕ್ ಬಿಟ್ಟು ಮಿಕ್ಕ ಮೂರು ಕಲ್ಲಿನ ಮಟ್ಟಿಗೆ ಈ ಲೆಕ್ಕ ಚೆನ್ನಾಗಿ ಕೆಲಸ ಮಾಡುತ್ತೆ. ನೆಲದ ಮೇಲೇ ಬೀಳೋದ್ರಿಂದ ಇದು ಕಣ್ಣಿಗೆ ಬೇಗ ಹೊಡೆಯಲ್ಲ ಅನ್ನೋದೇ ತೊಂದ್ರೆ, ದೇಶದ ಕಾಲಮ್ ಇದ್ರೆ ಅದನ್ನ ಲೇಬಲ್ ಆಗಿ ಹಾಕಿ ನೋಡಿ, ಚೀನಾ ಮೇಲೆ ಮೆಕ್ಸಿಕೋ ಅಂತ ಬರ್ದಿರೋದು ತಕ್ಷಣ ಕಾಣುತ್ತೆ.

ಇನ್ನೊಂದು ಇದರ ಅಣ್ಣತಮ್ಮ ಇದ್ದ ಹಾಗೆ, ಆದ್ರೆ ಹಿಡಿಯೋದು ಇನ್ನೂ ಕಷ್ಟ: ಡಿಗ್ರಿ ಮತ್ತು ಮಿನಿಟನ್ನ ಡೆಸಿಮಲ್ ಅಂತ ಓದೋದು. 1865ರ ಆಗಸ್ಟ್ 25ಕ್ಕೆ ಬಿಹಾರದಲ್ಲಿ ಬಿದ್ದ ಶೆರ್ಗೊಟ್ಟಿ, ಮಂಗಳ ಗ್ರಹದಿಂದ ಬಂದ ಕಲ್ಲುಗಳ ಒಂದು ಇಡೀ ಗುಂಪಿಗೆ ಹೆಸರು ಕೊಟ್ಟ ಕಲ್ಲು ಅದು, ಅದರ ಜಾಗ 24 ಡಿಗ್ರಿ 33 ಮಿನಿಟ್ ಉತ್ತರ, 84 ಡಿಗ್ರಿ 50 ಮಿನಿಟ್ ಪೂರ್ವ. ಸರಿಯಾಗಿ ಬದಲಾಯಿಸಿದ್ರೆ ಮಿನಿಟನ್ನ 60ರಿಂದ ಭಾಗಿಸಿ 24.55, 84.83333 ಆಗಬೇಕು. ಅದನ್ನ 24.33, 84.50 ಅಂತ ಟೈಪ್ ಮಾಡಿದ್ರೆ ಚುಕ್ಕಿ ಸುಮಾರು 40 ಕಿಲೋಮೀಟರ್ ಜರುಗುತ್ತೆ, ಆದ್ರೆ ದೇಶ ಅದೇ, ಪ್ರಪಂಚದ ನಕ್ಷೆಯಲ್ಲಿ ನೋಡಿದ್ರೆ ಯಾವ ವ್ಯತ್ಯಾಸಾನೂ ಕಾಣಲ್ಲ. ಇದನ್ನ ಹಿಡಿಯೋಕೆ ಒಂದು ಉಪಾಯ ಇದೆ. ಇಡೀ ಕಾಲಮ್ಮಲ್ಲಿ ಡೆಸಿಮಲ್ ಭಾಗ ಎಲ್ಲೂ .60 ದಾಟಿಲ್ಲ ಅಂದ್ರೆ, .72 .85 .91 ಅನ್ನೋ ತರದ್ದು ಒಂದೂ ಇಲ್ಲ ಅಂದ್ರೆ, ಅದು ಡೆಸಿಮಲ್ ಅಲ್ವೇ ಅಲ್ಲ, ಮಿನಿಟ್. ಕಾಲಮ್ಮನ್ನ ಡೆಸಿಮಲ್ ಭಾಗದ ಮೇಲೆ ಸಾರ್ಟ್ ಮಾಡಿದ್ರೆ ಅರ್ಧ ನಿಮಿಷದಲ್ಲಿ ಗೊತ್ತಾಗುತ್ತೆ.

ಸೊನ್ನೆ ಸೊನ್ನೆ ಜಾಗದಲ್ಲಿ ಗುಡ್ಡೆ

ಆಫ್ರಿಕಾದ ಗಿನಿ ಕೊಲ್ಲಿಯಲ್ಲಿ, ಅಕ್ಷಾಂಶ 0 ರೇಖಾಂಶ 0 ಇರೋ ಕಡೆ ದಪ್ಪ ಚುಕ್ಕಿ ಕಾಣುತ್ತಲ್ಲ, ಇದಕ್ಕೆ ಎರಡು ಬೇರೆ ಬೇರೆ ಕಾರಣ ಇದೆ, ಎರಡನ್ನೂ ಗೊಂದಲ ಮಾಡ್ಕೊಂಡು ತಪ್ಪು ಮದ್ದು ಹಾಕೋರೇ ಜಾಸ್ತಿ, ಹಾಗಾಗಿ ಸ್ವಲ್ಪ ನಿಧಾನವಾಗಿ ಹೇಳ್ತೀನಿ.

ಒಂದನೇದು ಡೇಟಾದ ತಪ್ಪು. ನಾಸಾ ಫೈಲಲ್ಲಿ 6,200ಕ್ಕೂ ಹೆಚ್ಚು ಸಾಲುಗಳಿಗೆ ಅಕ್ಷಾಂಶಾನೂ 0, ರೇಖಾಂಶಾನೂ 0 ಅಂತ ಇದೆ. ಅಲ್ಲಿ ಯಾವ ಉಲ್ಕಾಶಿಲೆನೂ ಸಿಕ್ಕಿಲ್ಲ, ಅದು ತೆರೆದ ಸಮುದ್ರ. ನಿಖರವಾದ ಜಾಗ ಕೊಟ್ಟಿಲ್ಲ ಅನ್ನೋದನ್ನ ಸೊನ್ನೆ ಅಂತ ತುಂಬಿದಾರೆ ಅಷ್ಟೇ, ಅವುಗಳಲ್ಲಿ ಬಹಳಷ್ಟು ನಿಜವಾಗಿ ಅಂಟಾರ್ಕ್ಟಿಕಾದಲ್ಲಿ ಸಿಕ್ಕಿದ್ದು. ಇದರ ಜೊತೆ ನಾರ್ತ್‌ವೆಸ್ಟ್ ಆಫ್ರಿಕಾ ಅಂತ ನಂಬರ್ ಹಾಕಿರೋ ಕಲ್ಲುಗಳಿಗೂ ಜಾಗ ಸಿಗದೇ ಇರೋದು ಸಹಜ, ಅವು ಸಹಾರಾದಲ್ಲಿ ಎಲ್ಲೋ ಸಿಕ್ಕಿ ಕೈಯಿಂದ ಕೈಗೆ ದಾಟಿ ಬಂದಿರೋದ್ರಿಂದ ಸಿಕ್ಕ ಜಾಗ ಯಾರಿಗೂ ಗೊತ್ತಿರಲ್ಲ, ಆ ಹೆಸರೇ ಅದಕ್ಕೆ ಇಟ್ಟಿದ್ದು. ಇಂಥದ್ದಕ್ಕೆ ಪರಿಹಾರ ಫಿಲ್ಟರ್. ಎರಡೂ ಕಾಲಮ್ ಸೊನ್ನೆ ಇರೋ ಸಾಲುಗಳನ್ನ ಮಾತ್ರ ಬಿಡಿ. ಒಂದೇ ಕಾಲಮ್ ಸೊನ್ನೆ ಇದೆ ಅಂತ ತೆಗೀಬೇಡಿ, ಗ್ರೀನಿಚ್ ರೇಖೆ ಮೇಲೆ ಸಿಕ್ಕಿದ್ದೂ ಸಮಭಾಜಕದ ಮೇಲೆ ಸಿಕ್ಕಿದ್ದೂ ಇರಬಹುದು. ಮತ್ತೆ ದಯವಿಟ್ಟು ಆ ಸಾಲುಗಳನ್ನ ಫೈಲಿಂದಾನೇ ಡಿಲೀಟ್ ಮಾಡ್ಬೇಡಿ, ಮ್ಯಾಪಲ್ಲಿ ತೋರಿಸ್ಬೇಡಿ ಸಾಕು, ತೂಕ ವರ್ಗ ಎಲ್ಲ ಆ ಸಾಲಲ್ಲಿ ಸರಿಯಾಗೇ ಇರುತ್ತೆ, ಲೆಕ್ಕಕ್ಕೆ ಬೇಕಾಗುತ್ತೆ. ಇದಲ್ಲದೆ ಇನ್ನು 7,000ಕ್ಕೂ ಹೆಚ್ಚು ಸಾಲಲ್ಲಿ ಕೋಆರ್ಡಿನೇಟ್ ಪೂರ್ತಿ ಖಾಲಿ. ಸ್ಕ್ರಿಪ್ಟ್ ಬರೆಯೋರು ಖಾಲಿ ಜಾಗಕ್ಕೆ ಸೊನ್ನೆ ತುಂಬೋ ಕಮಾಂಡ್ ಹಾಕಿದ್ರೆ ಅವೂ ಇದೇ ಗುಡ್ಡೆಗೆ ಬಂದು ಸೇರುತ್ತೆ.

ಎರಡನೇದು ಸಿಆರ್‌ಎಸ್ ತಪ್ಪು, ಅಂದ್ರೆ ಕೋಆರ್ಡಿನೇಟ್ ಯಾವ ಪದ್ಧತಿದು ಅಂತ ಸಾಫ್ಟ್‌ವೇರ್‌ಗೆ ಸುಳ್ಳು ಹೇಳಿರೋದು. ಡಿಗ್ರಿಯಲ್ಲಿರೋ ಅಂಕಿಗೆ ಇಪಿಎಸ್‌ಜಿ 4326 ಅಂತ ಹೇಳ್ಬೇಕು, ಇಪಿಎಸ್‌ಜಿ ಅಂದ್ರೆ ಇಂಥ ಒಂದೊಂದು ಪದ್ಧತಿಗೂ ಕೊಟ್ಟಿರೋ ನಂಬರ್. ಹಿಂದಿರೋ ಆನ್‌ಲೈನ್ ನಕ್ಷೆ ಇಪಿಎಸ್‌ಜಿ 3857ರಲ್ಲಿ ಇರುತ್ತೆ, ಅದಕ್ಕೆ ಮ್ಯಾಚ್ ಆಗಲಿ ಅಂತ ಲೇಯರ್ ಮೇಲೆ ರೈಟ್ ಕ್ಲಿಕ್ ಮಾಡಿ ಸೆಟ್ ಲೇಯರ್ ಸಿಆರ್‌ಎಸ್‌ನಲ್ಲಿ 3857 ಹಾಕ್ಬಿಡ್ತಾರೆ. ಆ ಪದ್ಧತಿಯ ಅಳತೆ ಮೀಟರು. ಆಗ 61.1 ಡಿಗ್ರಿ ಅನ್ನೋದು 61.1 ಮೀಟರ್ ಆಗುತ್ತೆ, ಪ್ರಪಂಚದ ಎಲ್ಲಾ ಉಲ್ಕಾಶಿಲೆನೂ ಸೊನ್ನೆ ಜಾಗದಿಂದ ಅಡ್ಡಡ್ಡ 180 ಮೀಟರ್, ಉದ್ದುದ್ದ 90 ಮೀಟರ್ ಒಳಗೇ ಬಂದು ಸೇರ್ಕೊಳ್ಳುತ್ತೆ.

ಇವೆರಡನ್ನ ಬೇರೆ ಮಾಡೋದು ಸುಲಭ, ಜೂಮ್ ಟು ಲೇಯರ್ ಒತ್ತಿ. ನಕ್ಷೆ ಇಡೀ ಪ್ರಪಂಚಕ್ಕೆ ಜೂಮ್ ಆದ್ರೆ ಅದು ಸೊನ್ನೆ ಸಾಲುಗಳ ಸಮಸ್ಯೆ. ಸಮುದ್ರದ ಒಂದು ಮೂಲೆಗೆ ಒಳಗೊಳಗೆ ಹೋಗಿ ನಿಂತು, ಅಲ್ಲಿ ಚುಕ್ಕಿಗಳೇ ಸೇರಿ ಪುಟಾಣಿ ಪ್ರಪಂಚದ ಆಕಾರ ಮಾಡಿದ್ರೆ, ಎಡಕ್ಕೆ ಅಮೆರಿಕ ಬಲಕ್ಕೆ ಆಸ್ಟ್ರೇಲಿಯಾ ಕೆಳಗೆ ಅಂಟಾರ್ಕ್ಟಿಕಾದ ಪಟ್ಟಿ ಅಂತ ಗುರುತು ಸಿಕ್ಕಿದ್ರೆ, ಅದು ಸಿಆರ್‌ಎಸ್ ತಪ್ಪು. ಮತ್ತೆ 4326 ಅಂತ ಸೆಟ್ ಮಾಡಿದ್ರೆ ಎಲ್ಲ ವಾಪಸ್ ಜಾಗಕ್ಕೆ ಹೋಗುತ್ತೆ. ನಿಜವಾಗಲೂ 3857ರಲ್ಲೇ ಫೈಲ್ ಬೇಕಿದ್ರೆ ಸೆಟ್ ಅಲ್ಲ, ಎಕ್ಸ್‌ಪೋರ್ಟ್ ಮಾಡ್ಬೇಕು, ಸೇವ್ ಫೀಚರ್ಸ್ ಆಸ್ ಕಿಟಕಿಯಲ್ಲಿ ಆ ನಂಬರ್ ಆರಿಸಿದ್ರೆ ಸಾಫ್ಟ್‌ವೇರೇ ಲೆಕ್ಕ ಹಾಕಿ ಬದಲಾಯಿಸುತ್ತೆ. ಸೆಟ್ ಅಂದ್ರೆ ಹೆಸರು ಬದಲಾಯಿಸೋದು ಮಾತ್ರ, ಅಂಕಿ ಹಾಗೇ ಇರುತ್ತೆ.

ಈ ಗುಡ್ಡೆಯಿಂದ ಸ್ವಲ್ಪ ಎಡಕ್ಕೆ, ಐವರಿ ಕೋಸ್ಟ್‌ನ ದಕ್ಷಿಣಕ್ಕೆ ಸಮುದ್ರದಲ್ಲಿ ಒಂಟಿ ಚುಕ್ಕಿ ಒಂದು ಕಾಣಬಹುದು. ಅದರ ಹೆಸರು ನೋಡಿ, ಮೆರಿಡಿಯಾನಿ ಪ್ಲಾನಮ್. ಅಕ್ಷಾಂಶ -1.94617, ರೇಖಾಂಶ 354.47333. ಅದು ಭೂಮಿ ಮೇಲೆ ಇಲ್ಲ, ಮಂಗಳ ಗ್ರಹದ ಮೇಲೆ ಆಪರ್ಚುನಿಟಿ ರೋವರ್ 2005ರ ಜನವರಿಯಲ್ಲಿ ನೋಡಿದ ಕಬ್ಬಿಣದ ಉಲ್ಕಾಶಿಲೆ, ಬೇರೆ ಗ್ರಹದ ಮೇಲೆ ಗುರುತಿಸಿದ ಮೊದಲ ಉಲ್ಕಾಶಿಲೆ. ಮಂಗಳದ ರೇಖಾಂಶವನ್ನ 0ರಿಂದ 360ರವರೆಗೆ ಬರೀತಾರೆ, ಅದಕ್ಕೇ 354. ಕೆಲವು ಸಾಫ್ಟ್‌ವೇರ್ ಅದನ್ನ -5.53 ಅಂತ ಸುತ್ತಿಸಿ ಅಟ್ಲಾಂಟಿಕ್‌ನಲ್ಲಿ ಇಡುತ್ತೆ, ಕೆಲವು ನಕ್ಷೆಯಿಂದ ಆಚೆ ಬಲಗಡೆ ದೂರದಲ್ಲಿ ಇಡುತ್ತೆ, ಹಾಗಾದಾಗ ಜೂಮ್ ಟು ಲೇಯರ್ ಮಾಡಿದ್ರೆ ಪ್ರಪಂಚ ಎಡಕ್ಕೆ ತಳ್ಳಿದ ಹಾಗೆ ಕಾಣುತ್ತೆ. ಪ್ರೊಜೆಕ್ಷನ್ ಕೆಟ್ಟಿದೆ ಅಂದ್ಕೋಬೇಡಿ, ಆ ಒಂದು ಸಾಲನ್ನ ಫಿಲ್ಟರ್ ಮಾಡಿ. ಚಂದ್ರನ ಮೇಲೆ ಅಪೊಲೊ 12 ಮತ್ತು 15ರಲ್ಲಿ ಸಿಕ್ಕ ಬೆಂಚ್ ಕ್ರೇಟರ್, ಹ್ಯಾಡ್ಲಿ ರಿಲ್ ಕೂಡಾ ಉಲ್ಕಾಶಿಲೆಗಳ ಅಧಿಕೃತ ಪಟ್ಟಿಯಲ್ಲಿವೆ, ಅವನ್ನೂ ಭೂಮಿಯ ನಕ್ಷೆಯಿಂದ ಬಿಡಿ.

ಅಂಟಾರ್ಕ್ಟಿಕಾ ಖಾಲಿ, ಇಲ್ಲಾ ಕಲ್ಲುಗಳೇ ಕಮ್ಮಿ

ವೆಬ್ ಮರ್ಕೇಟರ್ ಅಂದ್ರೆ ಅದೇ 3857, ಅದು 85.05 ಡಿಗ್ರಿಗೆ ನಿಂತ್ಬಿಡುತ್ತೆ. ಲಪಾಝ್ ಐಸ್‌ಫೀಲ್ಡ್ -86.36ರಲ್ಲಿದೆ, ಗ್ರೇವ್ಸ್ ನುನಾಟಕ್ಸ್ -86.71ರಲ್ಲಿ, ಗ್ರೋವ್ನರ್ ಮೌಂಟನ್ಸ್ -85.66ರಲ್ಲಿ, ಈ ಮೂರೂ ಕಡೆ ನೂರಾರು ಕಲ್ಲು ಸಿಕ್ಕಿದೆ, ಮೂರೂ ನಕ್ಷೆಯ ಅಂಚಿಂದ ಆಚೆ. ಡೇಟಾ ಸರಿಯಾಗೇ ಇದೆ, ಕಾಗದವೇ ಅಷ್ಟು ಉದ್ದ ಇಲ್ಲ. ಪ್ರಾಜೆಕ್ಟ್ ಸಿಆರ್‌ಎಸ್ಸನ್ನ, ಲೇಯರ್ದಲ್ಲ ಪ್ರಾಜೆಕ್ಟ್‌ದು, ಇಪಿಎಸ್‌ಜಿ 3031 ಮಾಡಿ, ಅದು ದಕ್ಷಿಣ ಧ್ರುವ ಮಧ್ಯದಲ್ಲಿರೋ ಪ್ರೊಜೆಕ್ಷನ್. ಆನ್‌ಲೈನ್ ಟೈಲ್ ನಕ್ಷೆ ಇದರಲ್ಲಿ ಎಳೆದಾಡಿದ ಹಾಗೆ ಕಾಣುತ್ತೆ, ಧ್ರುವದ ಸುತ್ತ ತೂತು ಬೀಳುತ್ತೆ, ಅದನ್ನ ಆಫ್ ಮಾಡಿ ತೀರರೇಖೆಯ ವೆಕ್ಟರ್ ಲೇಯರ್ ಹಾಕ್ಕೊಳ್ಳಿ.

ಇನ್ನು ಕಮ್ಮಿ ಕಾಣೋದಕ್ಕೆ ಕಾರಣ ಬೇರೆ. ಜಪಾನಿನ ತಂಡಗಳು ಯಮಾಟೊ ಬೆಟ್ಟಗಳ ಹತ್ರ ಎತ್ತಿದ ಕಲ್ಲುಗಳಲ್ಲಿ 4,700ಕ್ಕೂ ಹೆಚ್ಚು ಸಾಲಿಗೆ ಒಂದೇ ಕೋಆರ್ಡಿನೇಟ್ ಕೊಟ್ಟಿದೆ: -71.5, 35.66667. ಕ್ವೀನ್ ಅಲೆಕ್ಸಾಂಡ್ರಾ ರೇಂಜ್‌ನ 3,000ಕ್ಕೂ ಹೆಚ್ಚು ಕಲ್ಲು -84, 168 ಅನ್ನೋ ಒಂದೇ ಜಾಗದಲ್ಲಿ. ನೀವು ನೋಡ್ತಿರೋ ಒಂದು ಚುಕ್ಕಿ ಕೆಳಗೆ ಸಾವಿರಾರು ಚುಕ್ಕಿ ಒಂದರ ಮೇಲೊಂದು ಕೂತಿದೆ. ಐಡೆಂಟಿಫೈ ಟೂಲಲ್ಲಿ ಕ್ಲಿಕ್ ಮಾಡಿದ್ರೆ ಬಲಗಡೆ ಉದ್ದದ ಪಟ್ಟಿ ಬರುತ್ತಲ್ಲ, ಅದೇ ಸಾಕ್ಷಿ. ಸಿಂಬಾಲಜಿಯಲ್ಲಿ (ಚುಕ್ಕಿ ಹೇಗೆ ಕಾಣಬೇಕು ಅನ್ನೋ ಸೆಟ್ಟಿಂಗ್) ಪಾಯಿಂಟ್ ಕ್ಲಸ್ಟರ್ ಆರಿಸಿದ್ರೆ ಎಷ್ಟಿದೆ ಅನ್ನೋ ಸಂಖ್ಯೆ ಚುಕ್ಕಿ ಮೇಲೇ ಬರುತ್ತೆ. ಪಾಯಿಂಟ್ ಡಿಸ್‌ಪ್ಲೇಸ್‌ಮೆಂಟ್ ಅಂತಾನೂ ಇದೆ, ಅದು ಚುಕ್ಕಿಗಳನ್ನ ಸುತ್ತ ಹರಡುತ್ತೆ, ನಾಲ್ಕೈದು ಇದ್ರೆ ಚೆನ್ನ, ನಾಲ್ಕು ಸಾವಿರಕ್ಕೆ ಹಾಕಿದ್ರೆ ಕಂಪ್ಯೂಟರ್ ಹ್ಯಾಂಗ್ ಆಗುತ್ತೆ.

ಚುಕ್ಕಿ ಒಂದೆರಡು ಕಿಲೋಮೀಟರ್ ಪಕ್ಕಕ್ಕಿದೆ

ಹೋಬಾ ಸುಮಾರು 60 ಟನ್ ತೂಕದ ಕಬ್ಬಿಣದ ಗಡ್ಡೆ, ಇವತ್ತಿಗೂ ಸಿಕ್ಕ ಜಾಗದಲ್ಲೇ ಇದೆ, ಯಾರೂ ಅಲ್ಲಾಡಿಸಿಲ್ಲ. ಹಾಗಾದ್ರೆ ನಕ್ಷೆಯಲ್ಲಿ ಕರೆಕ್ಟಾಗಿ ಅದರ ಮೇಲೇ ಚುಕ್ಕಿ ಬೀಳಬೇಕಲ್ವಾ? ಬೀಳಲ್ಲ. ಫೈಲಲ್ಲಿರೋದು -19.58333, 17.91667, ಸ್ಯಾಟಲೈಟ್ ನಕ್ಷೆ ಹಾಕ್ಕೊಂಡು ಪೂರ್ತಿ ಜೂಮ್ ಮಾಡಿ ನೋಡಿದ್ರೆ ನಿಜವಾದ ಕಲ್ಲು ಅಲ್ಲಿಂದ ಸುಮಾರು ಎರಡು ಕಿಲೋಮೀಟರ್ ಪೂರ್ವ-ಆಗ್ನೇಯಕ್ಕೆ ಇದೆ. ಇಲ್ಲಿ ಆ ಡೆಸಿಮಲ್ಲನ್ನ ಸ್ವಲ್ಪ ಹತ್ರದಿಂದ ನೋಡಿ. .58333 ಅಂದ್ರೆ 35 ಮಿನಿಟ್, .91667 ಅಂದ್ರೆ 55 ಮಿನಿಟ್, ಎರಡೂ ಪೂರ್ಣ ಮಿನಿಟ್. ಅಂದ್ರೆ ಮೂಲದಲ್ಲಿ ಸೆಕೆಂಡ್ ಕೊಟ್ಟೇ ಇರಲಿಲ್ಲ, ಒಂದು ಮಿನಿಟ್ ಅಕ್ಷಾಂಶ ಅಂದ್ರೆ 1.85 ಕಿಲೋಮೀಟರ್, ಅಷ್ಟು ಆಚೀಚೆ ಇರೋದು ಸಹಜ. ಐದು ಡೆಸಿಮಲ್ ಅಂಕಿ ನೋಡಿ ಒಂದು ಮೀಟರಷ್ಟು ನಿಖರ ಅಂತ ನಂಬೋದೇ ಇಲ್ಲಿನ ತಪ್ಪು. ಕೊನೆಗೆ 3333, 6667, 1667 ಅಂತ ಬಂದಿದ್ರೆ ಅದು ಮಿನಿಟಿಂದ ಬದಲಾಯಿಸಿದ್ದು ಅಂತ ಕಣ್ಣುಮುಚ್ಚಿ ಹೇಳಬಹುದು, ಅಂಥ ಚುಕ್ಕಿಯನ್ನ ಸಿಆರ್‌ಎಸ್ ಬದಲಾಯಿಸಿ ಸರಿ ಮಾಡೋಕೆ ಹೊರಟ್ರೆ ಎಂದಿಗೂ ಆಗಲ್ಲ.

ಜಿಪಿಎಸ್ ಹಿಡ್ಕೊಂಡು ಬರ್ಕೊಂಡಿದ್ದು ಕೂಡಾ ಹತ್ತಾರು ಮೀಟರಿಂದ ನೂರಿನ್ನೂರು ಮೀಟರ್ ತನಕ, ಅದೂ ಎಲ್ಲಾ ಚುಕ್ಕಿಗೂ ಒಂದೇ ದಿಕ್ಕಲ್ಲಿ ಸರಿದಿದ್ರೆ ಆಗ ಡೇಟಮ್ (ಅಕ್ಷಾಂಶ ರೇಖಾಂಶ ಅಳೆಯೋಕೆ ಇಟ್ಕೊಂಡಿರೋ ಭೂಮಿಯ ಮಾದರಿ) ಮೇಲೆ ಅನುಮಾನ ಪಡಿ, ಹಳೇ ಕಾಗದದ ನಕ್ಷೆ ನೋಡಿ ಗುರುತು ಹಾಕಿದ್ರೆ ಅದು ಜಿಪಿಎಸ್ ಬಳಸೋ ಡಬ್ಲ್ಯುಜಿಎಸ್ 84 ಡೇಟಮ್ ಆಗಿರಲ್ಲ. ಎಲ್ಲ ಒಂದೇ ದಿಕ್ಕಿಗೆ ಅನ್ನೋದೇ ಮುಖ್ಯ ಗುರುತು, ಒಂದೊಂದು ಒಂದೊಂದು ಕಡೆ ಸರಿದಿದ್ರೆ ಡೇಟಮ್ ಅಲ್ಲ.

ಇನ್ನೂ ದೊಡ್ಡ ವ್ಯತ್ಯಾಸಕ್ಕೆ ಚೆಲ್ಯಾಬಿನ್ಸ್ಕ್ ಒಳ್ಳೇ ಉದಾಹರಣೆ. ಅದರ ಅರ್ಧ ಟನ್‌ಗಿಂತ ಹೆಚ್ಚು ತೂಕದ ದೊಡ್ಡ ತುಂಡನ್ನ 2013ರ ಅಕ್ಟೋಬರಲ್ಲಿ ಚೆಬರ್ಕುಲ್ ಕೆರೆಯಿಂದ ಎತ್ತಿದ್ರು, ಫೈಲಲ್ಲಿರೋ ಚುಕ್ಕಿಗೂ ಆ ಕೆರೆಗೂ ಮಧ್ಯ ಐವತ್ತು ಕಿಲೋಮೀಟರ್ ಆಸುಪಾಸು ದೂರ. ಗಾಳಿಯಲ್ಲೇ ಒಡೆದು ಬೀಳೋ ಕಲ್ಲು ಉದ್ದನೆಯ ಪಟ್ಟಿಯಾಗಿ ಹರಡ್ಕೊಳ್ಳುತ್ತೆ, ಅಯೆಂಡೆನೂ ಹತ್ತಾರು ಕಿಲೋಮೀಟರ್ ಉದ್ದಕ್ಕೆ ಹರಡಿತ್ತು, ಪಟ್ಟಿಗೆ ಒಂದೇ ಚುಕ್ಕಿ ಕೊಟ್ರೆ ಅದು ಎಲ್ಲೋ ಒಂದು ಕಡೆ ಬೀಳಲೇಬೇಕು. ಇದನ್ನ ಪಾಲಿಗನ್ ಆಗಿ ಬಿಡಿಸೋದು ಸರಿಯಾದ ದಾರಿ, ತುಂಡುಗಳ ಜಾಗ ಗೊತ್ತಿದ್ರೆ.

ತೂಕ ಮತ್ತು ವರ್ಷದ ಕಾಲಮ್

ತೂಕಕ್ಕೆ ತಕ್ಕ ಹಾಗೆ ಚುಕ್ಕಿ ದಪ್ಪ ಮಾಡೋಕೆ ಹೋದ್ರೆ ಸಿಂಬಾಲಜಿಯ ಗ್ರ್ಯಾಜುಯೇಟೆಡ್ ಆಯ್ಕೆಯಲ್ಲಿ (ಅಂಕಿ ಪ್ರಕಾರ ಗುಂಪು ಮಾಡೋದು) ಕ್ಲಾಸೇ ಬರ್ತಿಲ್ಲ ಅಂದ್ರೆ ಆ ಕಾಲಮ್ ಟೆಕ್ಸ್ಟ್ ಆಗಿ ಒಳಗೆ ಬಂದಿದೆ. ಅಂಕಿ ಮಧ್ಯ ಕಾಮಾ ಇದ್ರೂ, ಎಲ್ಲೋ ಒಂದು ಸಾಲಲ್ಲಿ ಗ್ರಾಂ ಅಂತ ಬರ್ದಿದ್ರೂ ಸಾಕು, ಇಡೀ ಕಾಲಮ್ ಟೆಕ್ಸ್ಟ್ ಆಗ್ಬಿಡುತ್ತೆ. ಕಾಮಾ ತೆಗೆದು, ಡಿಟೆಕ್ಟ್ ಫೀಲ್ಡ್ ಟೈಪ್ಸ್ ಟಿಕ್ ಇದ್ಯಾ ನೋಡಿ ಮತ್ತೆ ಹಾಕಿ. ಕ್ಲಾಸ್ ಬಂತು ಆದ್ರೆ ಒಂದೇ ದೊಡ್ಡ ವೃತ್ತ ಕಾಣ್ತಿದೆ, ಮಿಕ್ಕಿದ್ದೆಲ್ಲ ಸೂಜಿಮೊನೆ ಅಂದ್ರೆ ಅದು ಹೋಬಾದ 6 ಕೋಟಿ ಗ್ರಾಂ ಮಾಡ್ತಿರೋ ಕೆಲಸ. ಲಿಸ್ಟಲ್ಲಿ ಹೆಚ್ಚಿನವು ಕೆಲವೇ ಗ್ರಾಂನಿಂದ ಕೆಲವು ನೂರು ಗ್ರಾಂ. ಇಲ್ಲಿ ತೂಕವನ್ನ ನೇರ ಬಳಸದೆ ಅದರ ಲಾಗ್ (ಲಾಗರಿದಮ್) ತಗೊಂಡು ಸೈಜ್ ಕೊಡಿ, ತೂಕ 0 ಇರೋ ಅಥವಾ ಖಾಲಿ ಇರೋ ಸಾಲುಗಳನ್ನ ಮೊದಲೇ ಬಿಟ್ಟು, ಇಲ್ಲಾಂದ್ರೆ ಲಾಗ್ ಲೆಕ್ಕ ಬರಲ್ಲ.

ವರ್ಷದ ವಿಷಯದಲ್ಲಿ ಎಕ್ಸೆಲ್ ಒಂದು ಅನ್ಯಾಯ ಮಾಡುತ್ತೆ. 1900ಕ್ಕಿಂತ ಹಿಂದಿನ ತಾರೀಖು ಅದಕ್ಕೆ ಗೊತ್ತಿಲ್ಲ. ಹಾಗಾಗಿ 1880ರ ಆಕೆನ್ ಟೆಕ್ಸ್ಟ್ ಆಗಿ ಉಳಿಯುತ್ತೆ, 1951ರ ಆರ್ಹುಸ್ ತಾರೀಖಾಗಿ ಬದಲಾಗುತ್ತೆ, ಸೇವ್ ಮಾಡಿ ಕ್ಯೂಜಿಐಎಸ್‌ಗೆ ತಂದ್ರೆ ಒಂದೇ ಕಾಲಮ್ಮಲ್ಲಿ ಎರಡು ತರ ಬರಹ. ಪೈಥಾನ್‌ನ ಪಾಂಡಾಸ್ ಅನ್ನೋ ಟೇಬಲ್ ಲೈಬ್ರರಿಯ ಹಳೇ ವರ್ಷನ್ ಬಳಸೋರಿಗೆ ಮಿತಿ 1677ಕ್ಕೆ ಬರುತ್ತೆ, ಅದು ನ್ಯಾನೋಸೆಕೆಂಡ್ ಲೆಕ್ಕದಲ್ಲಿ ಸಮಯ ಇಟ್ಕೊಳ್ಳೋದ್ರಿಂದ, 1492ರ ಎನ್ಸಿಸ್‌ಹೈಮ್, 861ರಲ್ಲಿ ಜಪಾನಲ್ಲಿ ಬಿದ್ದ ನೊಗಾಟ ಎರಡೂ ಎರರ್ ಕೊಡುತ್ತೆ ಇಲ್ಲಾ ಖಾಲಿಯಾಗುತ್ತೆ. ತಾರೀಖಿನ ಗೊಡವೆನೇ ಬೇಡ, ಬರಹದಿಂದ ನಾಲ್ಕಂಕಿ ವರ್ಷ ಮಾತ್ರ ಕಿತ್ಕೊಂಡು ಪೂರ್ಣಾಂಕವಾಗಿ ಇಟ್ಕೊಳ್ಳಿ. ನಂತರ ಸಾರ್ಟ್ ಮಾಡಿ ಎರಡೂ ತುದಿ ನೋಡಿ, ನಾರ್ತ್‌ವೆಸ್ಟ್ ಆಫ್ರಿಕಾ 7701 ಅನ್ನೋದಕ್ಕೆ 2101 ಅಂತ ಇರೋದು ಅಲ್ಲಿ ಸಿಗುತ್ತೆ, ಅಂಕಿ ತಪ್ಪಾಗಿ ಬಿದ್ದಿರೋದು.

ನಿಮ್ಮ ಕಲೆಕ್ಷನ್ ಜೋಡಿಸಿದಾಗ ಕಲ್ಲು ಕಮ್ಮಿ ಬಂದ್ರೆ

ಸ್ವಂತ ಸಂಗ್ರಹದ್ದೋ ಮ್ಯೂಸಿಯಂದೋ ಒಂದು ಪಟ್ಟಿ ಇದೆ, ಅದರಲ್ಲಿ ಕೋಆರ್ಡಿನೇಟ್ ಇಲ್ಲ, ಹೆಸರು ಇಟ್ಕೊಂಡು ದೊಡ್ಡ ಫೈಲಿಗೆ ಜಾಯಿನ್ ಮಾಡ್ತೀರ. ಎಷ್ಟೋ ಸಾಲು ಜೋಡಿಯಾಗಲ್ಲ. ಲೇಬಲ್ ಮೇಲೆ ಎನ್‌ಡಬ್ಲ್ಯುಎ 869 ಅಂತ ಇರುತ್ತೆ, ಫೈಲಲ್ಲಿ ನಾರ್ತ್‌ವೆಸ್ಟ್ ಆಫ್ರಿಕಾ 869 ಅಂತ ಪೂರ್ತಿ. ಜೆಎಎಚ್ ಅಂತ ಲೇಬಲಲ್ಲಿ ಇದ್ರೆ ಅಲ್ಲಿ ಜಿದ್ದತ್ ಅಲ್ ಹರಾಸಿಸ್. ಹೆಸರಿನ ಕೊನೆಗೆ ಕಣ್ಣಿಗೆ ಕಾಣದ ಸ್ಪೇಸ್ ಇದ್ರೂ ಜೋಡಿಯಾಗಲ್ಲ. 055 ಅಂತ ಇರಬೇಕಾದ್ದು 55 ಆಗಿದ್ರೂ ಇಲ್ಲ. ಯುರೋಪಿನ ಹೆಸರುಗಳಲ್ಲಿ ಅಕ್ಷರದ ಮೇಲೆ ಚುಕ್ಕಿ ಇರುತ್ತಲ್ಲ, ಓಸ್ಟರ್‌ಪ್ಲಾನಾ ತರದ್ದು, ಎನ್‌ಕೋಡಿಂಗ್ ಯುಟಿಎಫ್-8 ಅಂತ ಆರಿಸದಿದ್ರೆ ಆ ಅಕ್ಷರದ ಜಾಗದಲ್ಲಿ ಕಸ ಬರುತ್ತೆ, ಅದೂ ಜೋಡಿಯಾಗಲ್ಲ. ಹೆಸರು ಬಿಟ್ಟು ಐಡಿ ನಂಬರಲ್ಲಿ ಜಾಯಿನ್ ಮಾಡೋದು ಎಷ್ಟೋ ಮೇಲು, ಎರಡೂ ಕಡೆ ನಂಬರ್ ಪೂರ್ಣಾಂಕವಾಗಿ ಇರೋ ಹಾಗೆ ನೋಡ್ಕೊಳ್ಳಿ.

ಇದೆಲ್ಲ ಸರಿ ಮಾಡಿದ್ಮೇಲೂ ಕಮ್ಮಿ ಬಂದ್ರೆ ಜಾಯಿನ್ ಮಾಡಿದ ದಿಕ್ಕು ನೋಡಿ. ಕ್ಯೂಜಿಐಎಸ್‌ನ ಲೇಯರ್ ಪ್ರಾಪರ್ಟೀಸ್‌ನಲ್ಲಿರೋ ಜಾಯಿನ್ ಒಂದು ಸಾಲಿಗೆ ಒಂದೇ ಸಾಲನ್ನ ಜೋಡಿಸುತ್ತೆ, ಮೊದಲು ಸಿಕ್ಕಿದ್ದು ಮಾತ್ರ. ನಿಮ್ಮ ಹತ್ರ ಕ್ಯಾನ್ಯನ್ ಡಯಾಬ್ಲೊ ಅನ್ನೋ ಒಂದೇ ಉಲ್ಕಾಶಿಲೆಯ ಏಳು ತುಂಡು ಇದ್ದು, ದೊಡ್ಡ ಫೈಲ್ ಮೇಲೆ ನಿಮ್ಮ ಪಟ್ಟಿಯನ್ನ ಜಾಯಿನ್ ಮಾಡಿದ್ರೆ ಆರು ತುಂಡು ಸದ್ದಿಲ್ಲದೆ ಹೋಗುತ್ತೆ, ಎರರ್ ಮೆಸೇಜೂ ಬರಲ್ಲ. ಉಲ್ಟಾ ಮಾಡಿ, ನಿಮ್ಮ ಪಟ್ಟಿ ಮೂಲ ಆಗಲಿ, ಅದಕ್ಕೆ ದೊಡ್ಡ ಫೈಲಿನ ಕೋಆರ್ಡಿನೇಟ್ ಬಂದು ಸೇರಲಿ, ಆಮೇಲೆ ಕ್ರಿಯೇಟ್ ಪಾಯಿಂಟ್ಸ್ ಲೇಯರ್ ಫ್ರಮ್ ಟೇಬಲ್ ಓಡಿಸಿ. ಇಲ್ಲಾಂದ್ರೆ ಪ್ರೊಸೆಸಿಂಗ್ ಟೂಲ್‌ಬಾಕ್ಸಲ್ಲಿ ಜಾಯಿನ್ ಆಟ್ರಿಬ್ಯೂಟ್ಸ್ ಬೈ ಫೀಲ್ಡ್ ವ್ಯಾಲ್ಯೂ ಇದೆ, ಅದರಲ್ಲಿ ಒಂದಕ್ಕೆ ಅನೇಕ ಅನ್ನೋ ಆಯ್ಕೆ ಕೊಡುತ್ತೆ. ಎರಡರಲ್ಲಿ ಯಾವುದೇ ಮಾಡಿದ್ರೂ ಕೊನೆಗೆ ನಿಮ್ಮ ಪಟ್ಟಿಯ ಸಾಲುಗಳ ಸಂಖ್ಯೆಯನ್ನೂ ಮ್ಯಾಪಿಗೆ ಬಂದ ಚುಕ್ಕಿಗಳ ಸಂಖ್ಯೆಯನ್ನೂ ಪಕ್ಕಪಕ್ಕ ಇಟ್ಟು ನೋಡಿ, ವ್ಯತ್ಯಾಸ ಬಂದ್ರೆ ಜೋಡಿಯಾಗದ ಸಾಲುಗಳನ್ನ ಬೇರೆ ಟೇಬಲ್ ಆಗಿ ತೆಗೆಯೋ ಆಯ್ಕೆನೂ ಅದೇ ಟೂಲಲ್ಲಿದೆ.

ಕಲೆಕ್ಷನ್ ಪಟ್ಟಿಯಲ್ಲೇ ಕೋಆರ್ಡಿನೇಟ್ ಇದ್ರೆ ಇನ್ನೊಂದು ಕಡೆ ಎಚ್ಚರ ಬೇಕು. ನೂರಾರು ಬೇರೆ ಬೇರೆ ಉಲ್ಕಾಶಿಲೆ ಲಂಡನ್ನಲ್ಲೋ ವಿಯೆನ್ನಾದಲ್ಲೋ ವಾಷಿಂಗ್ಟನ್ನಲ್ಲೋ ಒಂದೇ ಚುಕ್ಕಿಯಲ್ಲಿ ಕೂತಿದ್ರೆ ಅದು ಕಲ್ಲು ಇಟ್ಟಿರೋ ಮ್ಯೂಸಿಯಂ ಜಾಗ, ಬಿದ್ದ ಜಾಗ ಅಲ್ಲ. ಎರಡಕ್ಕೂ ಬೇರೆ ಬೇರೆ ಕಾಲಮ್ ಇಡಿ, ಎರಡು ಲೇಯರ್ ಮಾಡಿ, ಜಾಯಿನ್ ಬೈ ಲೈನ್ಸ್ ಟೂಲಲ್ಲಿ ಕಲ್ಲಿನ ಐಡಿ ಕೊಟ್ರೆ ಬಿದ್ದ ಜಾಗದಿಂದ ಇಟ್ಟ ಜಾಗಕ್ಕೆ ಗೆರೆ ಎಳೆಯುತ್ತೆ. ಆಗ ಗೆರೆ ಉದ್ದವೇ ಇಲ್ಲದ ಕಲ್ಲು ಯಾವ್ಯಾವುದು ಅಂತ ಉದ್ದದ ಮೇಲೆ ಸಾರ್ಟ್ ಮಾಡಿ ನೋಡಿ, ಎರಡೂ ಕಾಲಮ್ಮಲ್ಲಿ ಮ್ಯೂಸಿಯಂ ಜಾಗಾನೇ ತುಂಬಿರೋ ಸಾಲುಗಳು ಅವೇ.